ಮಸ್‌ಅಲ ಹೇಳಿದರೆ ಮುಗಿಯಿತೇ?

"ಮಗಳಿಗೆ ಮೂರು ತಿಂಗಳಿಂದ ಮುಟ್ಟಾಗಿಲ್ಲ. ನಮಾಝ್ ಮಾಡ್ಬಹುದಲ್ವಾ, ಉಸ್ತಾದರಲ್ಲಿ ಕೇಳಿ" ಎಂದು ಉಮ್ಮಂದಿರು ನಮ್ಮ ಮನೆಯವರ ಮೂಲಕ ಕೇಳಿಸುತ್ತಾರೆ. ನಾವು ಮಸ್‌ಅಲ ಹೇಳುತ್ತೇವೆ. ಹೈಳ್ ಕನಿಷ್ಠ ಒಂದು ಹಗಲು ಒಂದು ರಾತ್ರಿ, ಗರಿಷ್ಠ 15 ದಿನ. ಎರಡು ಹೈಳ್‌ಗಳ ನಡುವಿನ ಶುದ್ಧಿಗೆ ಗರಿಷ್ಠ ಮಿತಿಯಿಲ್ಲ, ನಮಾಝ್ ಮಾಡಲಿ. ಅಲ್ಲಿಗೆ ಮಾತು ಮುಗಿಯುತ್ತದೆ. ಮುಗಿಯಬಾರದಿತ್ತು ಅಂತ ಈಗ ಅನಿಸುತ್ತಿದೆ.

ಮೊದಲ ಮುಟ್ಟಾಗಿ ಒಂದು ವರ್ಷ ಕಳೆದ ಮೇಲೆ 90 ದಿನ ದಾಟಿದರೂ ಮುಟ್ಟು ಬಾರದಿದ್ದರೆ, ಅದು ಒಂದೇ ಸಲವಾದರೂ, ಡಾಕ್ಟರಿಗೆ ತೋರಿಸಬೇಕು. ಜೊತೆಗೆ ಗಲ್ಲದಲ್ಲಿ ಗಡುಸು ಕೂದಲು, ವಾಸಿಯಾಗದ ಮೊಡವೆ ಇದ್ದರೆ ಪಿಸಿಒಎಸ್ ಇರಬಹುದು. ಕೆಲವು ಮಕ್ಕಳ ಕತ್ತಿನ ಹಿಂದೆ ಕಪ್ಪಾಗುತ್ತದೆ. ಉಮ್ಮಂದಿರು ಕೊಳೆ ಎಂದು ಗಸಗಸ ಉಜ್ಜುತ್ತಾರೆ. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವ ಸೂಚನೆ ಇರಬಹುದು.

ಮೈಯ ಕೊಬ್ಬು ಎಂದರೆ ಸುಮ್ಮನೆ ಕೂಡಿಟ್ಟ ದಾಸ್ತಾನು ಎಂದೇ ನಾವೂ ತಿಳಿದಿದ್ದೆವು. ಆದರೆ ಅದು ಹಾರ್ಮೋನುಗಳನ್ನೂ ತಯಾರಿಸುತ್ತದೆ. ಅದರಲ್ಲಿ ಅಡಿಪೊನೆಕ್ಟಿನ್ ಎಂಬುದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ನೆರವಾಗುತ್ತದೆ. ವಿಚಿತ್ರವೆಂದರೆ ಹೊಟ್ಟೆಯ ಕೊಬ್ಬು ಏರಿದಷ್ಟೂ ಇದು ಇಳಿಯುತ್ತದೆ. ಆಗ ದೇಹ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಅದು ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನು ಹೆಚ್ಚಿಸುತ್ತದೆ, ಅಂಡ ಬಲಿಯುವುದಿಲ್ಲ, ಮುಟ್ಟು ತಪ್ಪುತ್ತದೆ. ಪಿಸಿಒಎಸ್ ಇರುವವರಲ್ಲಿ, ಅಷ್ಟೇ ತೂಕದ ಬೇರೆಯವರಿಗಿಂತಲೂ ಅಡಿಪೊನೆಕ್ಟಿನ್ ಕಡಿಮೆ ಇರುವುದು ಕಂಡುಬಂದಿದೆ. ತೆಳ್ಳಗಿನ ಹುಡುಗಿಯರಿಗೂ ಈ ತೊಂದರೆ ಬರುತ್ತದೆ. ಹಾಗಿರುವಾಗ "ತಿಂದು ತಿಂದು ಹೀಗಾದಳು" ಅಂತ ಮಗುವನ್ನು ಚುಚ್ಚುವುದು ಅನ್ಯಾಯ.

ತೂಕ ಹೆಚ್ಚಿದ್ದವರಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಎಷ್ಟೋ ಸಲ ಮುಟ್ಟು ಸರಿದಾರಿಗೆ ಬರುತ್ತದೆ. ನಡೆಯಲಿ, ಆಡಲಿ ಎನ್ನುತ್ತಾರೆ ಡಾಕ್ಟರು. ಎಲ್ಲಿ ಆಡುವುದು? ಬೆಳಿಗ್ಗೆ ಮದ್ರಸ, ಆಮೇಲೆ ಸ್ಕೂಲ್ ವ್ಯಾನು, ಸಂಜೆ ಟ್ಯೂಷನ್, ರಾತ್ರಿ ಮೊಬೈಲ್. ದೊಡ್ಡವಳಾದಳು ಅಂತ ಅಂಗಳದ ಆಟವನ್ನೂ ನಿಲ್ಲಿಸಿದವರು ನಾವೇ. ಪರ್ದಾ ಇಟ್ಟುಕೊಂಡೇ ಉಮ್ಮನ ಜೊತೆ ಅರ್ಧ ಗಂಟೆ ನಡೆಯಲು ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಭಯ ಸಂಬಂಧದ್ದು. ವಿಷಯ ಹೊರಗೆ ಗೊತ್ತಾದರೆ ಯಾರೂ ಹೆಣ್ಣು ಕೇಳಿ ಬರಲಿಕ್ಕಿಲ್ಲ, ನಿಕಾಹ್ ಆದರೆ ತಾನಾಗಿಯೇ ಸರಿಯಾಗುತ್ತದೆ ಅಂತ ಮುಚ್ಚಿಡುತ್ತಾರೆ. ನಿಕಾಹ್ ಇದಕ್ಕೆ ಮದ್ದಲ್ಲ. ಮದ್ದು ಬೇರೆ ಇದೆ, ಪಿಸಿಒಎಸ್ ಇದ್ದ ಎಷ್ಟೋ ಹೆಂಗಸರು ಉಮ್ಮಂದಿರೂ ಆಗಿದ್ದಾರೆ.

ಈಗ ಯಾರಾದರೂ ಆ ಮಸ್‌ಅಲ ಕೇಳಿದರೆ ನಮ್ಮ ಮನೆಯವರು ತಿರುಗಿ ಒಂದು ಪ್ರಶ್ನೆ ಕೇಳುತ್ತಾರೆ, ಮಗಳ ಕಳೆದ ಮುಟ್ಟಿನ ತಾರೀಕು ಬರೆದಿಟ್ಟಿದ್ದೀರಾ ಅಂತ. ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಗ್ಯಾಸ್ ಸಿಲಿಂಡರ್ ಬಂದ ತಾರೀಕು ಮಾತ್ರ ಎಲ್ಲರ ಮನೆಯ ಕ್ಯಾಲೆಂಡರಿನಲ್ಲೂ ಇರುತ್ತದೆ.