ಬೆಂಕಿಯುಂಡೆಯ ಕಾವು ಅಳೆದ ಬೆಳಕು

ಮಕ್ಕಳೇ, ನಮ್ಮ ಮಾಲೂರು ಸೀಮೆ ಇಟ್ಟಿಗೆ, ಹೆಂಚಿಗೆ ಹೆಸರುವಾಸಿ. ಲಕ್ಕೂರಿನ ತಾತಂದಿರನ್ನು ಒಮ್ಮೆ ಕೇಳಿ ನೋಡಿ: ಉರಿಯುವ ಗೂಡಿನೊಳಗೆ ಕಾವು ಎಷ್ಟಿದೆ ಎಂದು ತಿಳಿಯುವುದು ಹೇಗೆ? ಕೈ ಹಾಕಿ ನೋಡುವಂತಿಲ್ಲ. ಆದರೆ ಬಣ್ಣ ನೋಡಬಹುದು. ಮಂದ ಕೆಂಪಾಗಿದ್ದರೆ ಕಾವು ಕಡಿಮೆ, ಕಿತ್ತಳೆಗೆ ತಿರುಗಿದರೆ ಹೆಚ್ಚು. ಬೆಳಕೇ ಒಳಗಿನ ಸುದ್ದಿ ಹೇಳುತ್ತದೆ.

ಬೆಳಕು ಸಣ್ಣ ಸಣ್ಣ ಕಣಗಳಾಗಿ ಬರುತ್ತದೆ. ಆ ಕಣದ ಹೆಸರು ಫೋಟಾನ್.

ಈಗ ದೂರದ ಜಿನೀವಾಕ್ಕೆ ಹೋಗೋಣ. ಅಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಸೀಸದ ಪರಮಾಣು ಬೀಜಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿಸಿ, ಎದುರುಬದುರಾಗಿ ಡಿಕ್ಕಿ ಹೊಡೆಸುತ್ತಾರೆ. ಒಂದೊಂದು ಬೀಜದಲ್ಲೂ 82 ಪ್ರೋಟಾನ್, 126 ನ್ಯೂಟ್ರಾನ್. ಡಿಕ್ಕಿಯ ರಭಸಕ್ಕೆ ಅವು ಕರಗಿ, ಕ್ವಾರ್ಕ್ ಮತ್ತು ಗ್ಲುವಾನ್‌ಗಳ ಕುದಿಯುವ ಸಾರಾಗುತ್ತವೆ. ವಿಶ್ವ ಹುಟ್ಟಿದ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಎಲ್ಲೆಲ್ಲೂ ಇದೇ ಸಾರಿತ್ತು!

ಈ ಬೆಂಕಿಯುಂಡೆಯ ಆಯುಸ್ಸು ಸೆಕೆಂಡಿನ ಕೋಟಿ ಕೋಟಿ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಯಾವ ಥರ್ಮಾಮೀಟರ್ ಇಡುತ್ತೀರಿ? ಇಲ್ಲೂ ಬೆಳಕೇ ಗತಿ.

ಫೋಟಾನ್‌ಗಳು ಇಲ್ಲಿ ಮುಖ್ಯವಾಗಿ ಮೂರು ಬಗೆಯಲ್ಲಿ ಹುಟ್ಟುತ್ತವೆ. ಡಿಕ್ಕಿಯ ಮೊದಲ ಕ್ಷಣದಲ್ಲೇ ಕ್ವಾರ್ಕ್, ಗ್ಲುವಾನ್‌ಗಳು ಒಂದಕ್ಕೊಂದು ಬಡಿದು ಕೆಲವು ಚಿಮ್ಮುತ್ತವೆ. ಆಮೇಲೆ ಕಾದ ಸಾರು, ಗೂಡಿನ ಇಟ್ಟಿಗೆಯಂತೆ, ತನ್ನ ಕಾವಿನಿಂದಲೇ ಬೆಳಗುತ್ತದೆ. ಕೊನೆಗೆ ಸಾರು ಆರಿ ಹೊಸ ಕಣಗಳಾಗುತ್ತವೆ. ಅವುಗಳಲ್ಲಿ ವಿದ್ಯುದಂಶವಿಲ್ಲದ ಪಯಾನ್ ಎಂಬುದು ಒಡೆದು ಸಾಮಾನ್ಯವಾಗಿ ಎರಡು ಫೋಟಾನ್ ಕೊಡುತ್ತದೆ. ಸಿಗುವ ಫೋಟಾನ್‌ಗಳಲ್ಲಿ ಬಹುಪಾಲು ಇಂಥವೇ. ಜಾತ್ರೆಯ ಗದ್ದಲದಲ್ಲಿ ಮಗುವಿನ ದನಿ ಹುಡುಕುವ ಹಾಗೆ, ಇವನ್ನೆಲ್ಲ ಲೆಕ್ಕ ಹಾಕಿ ಕಳೆದರೆ ಉಳಿಯುವುದೇ ಬೆಂಕಿಯುಂಡೆಯ ಸ್ವಂತ ಬೆಳಕು.

ಬೇರೆ ಕಣಗಳು ಸಾರಿನೊಳಗೆ ತಳ್ಳಾಡಿ, ಹುಟ್ಟಿದಾಗಿನ ಸುದ್ದಿಯನ್ನು ಮರೆತುಬಿಡುತ್ತವೆ. ಫೋಟಾನ್ ಮಾತ್ರ ಯಾರ ಕೈಗೂ ಸಿಗದೆ ನೇರ ಹೊರಬರುತ್ತದೆ. ಹಾಗಾಗಿ ಅದರ ಸಾಕ್ಷಿ ನಂಬಿಕಸ್ತ. ಆಲಿಸ್ ಎಂಬ ಪ್ರಯೋಗ ಈ ಬೆಳಕನ್ನು ಅಳೆದಾಗ ಸಿಕ್ಕ ಕಾವು ಎಷ್ಟು ಗೊತ್ತೇ? ಸೂರ್ಯನ ಒಡಲಿನ ಒಂದೂವರೆ ಕೋಟಿ ಡಿಗ್ರಿಯ ಲಕ್ಷ ಪಟ್ಟಿಗೂ ಹೆಚ್ಚು!

ಅದೇ ಆಲಿಸ್‌ನಲ್ಲಿ ಫೋಟಾನ್‌ಗಳನ್ನು ಎಣಿಸಲು ಒಂದು ಉಪಕರಣವಿತ್ತು. ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರದ ಮುಂದಾಳತ್ವದಲ್ಲಿ ಅದನ್ನು ಕಟ್ಟಿದವರು ನಮ್ಮ ದೇಶದವರೇ.

ಈ ವಾರದ ಕೆಲಸ: ತಾತನ ಜೊತೆ ಕುಲುಮೆಯ ಬಳಿ ಹೋಗಿ, ದೂರದಲ್ಲೇ ನಿಂತು, ಕಾದ ಕಬ್ಬಿಣ ಆರುವಾಗ ಬಣ್ಣ ಹೇಗೆ ಬದಲಾಗುತ್ತದೆ ಎಂದು ಬರೆದಿಡಿ. ಎಲ್ಲಕ್ಕಿಂತ ಕೊನೆಯಲ್ಲಿ ಉಳಿಯುವ ಬಣ್ಣ ಯಾವುದು?