ಕುಲುಮೆಯ ಗುಟ್ಟು

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂದು ನಾವು ತರಗತಿಗಳಲ್ಲಿ ಸಲೀಸಾಗಿ ಹೇಳುತ್ತೇವೆ. ಅಧ್ಯಾಪಕರಿಗೆ ಅದು ಸುಲಭದ ಮಾತು. ನಮ್ಮ ಸಂಬಳ ನಿಂತಿರುವುದೇ ಕೊಡುವುದರ ಮೇಲೆ. ಆದರೆ ಮುಚ್ಚಿಟ್ಟುಕೊಂಡ ವಿದ್ಯೆಯಿಂದಲೇ ಒಂದೂರಿನ ಒಲೆಗಳೆಲ್ಲ ಉರಿಯುತ್ತಿರುವಾಗ, ಅದನ್ನು ಪರರಿಗೆ ಹೇಳಿಕೊಟ್ಟವನನ್ನು ಏನೆಂದು ಕರೆಯಬೇಕು? ಇಟಲಿಯ ಗಾಜಿನ ಕಲಾವಿದ ಲೀನೋ ತಾಲ್ಯಾಪಿಯೆತ್ರ ಅವರ ಜೀವನವನ್ನು ನೋಡುವಾಗ ಏಳುವ ಪ್ರಶ್ನೆಯಿದು.

ಬೆಂಕಿಯ ಭಯದಿಂದ ವೆನಿಸ್ ಗಣರಾಜ್ಯವು ತನ್ನ ಗಾಜಿನ ಕುಲುಮೆಗಳನ್ನು 1291ರಲ್ಲಿ ಸಮೀಪದ ಮುರಾನೋ ದ್ವೀಪಕ್ಕೆ ಸಾಗಿಸಿತು. ಬೆಂಕಿಯೊಡನೆ ಗುಟ್ಟೂ ಅಲ್ಲಿ ಸೆರೆಯಾಯಿತು. ಕಸುಬನ್ನು ಹೊತ್ತು ಪರದೇಶಕ್ಕೆ ಹೋದವನು ದಂಡನೆಗೆ ಗುರಿಯಾಗುತ್ತಿದ್ದನು. ಈ ದ್ವೀಪದಲ್ಲಿ 1934ರಲ್ಲಿ ಹುಟ್ಟಿದ ಲೀನೋ ಬಾಲ್ಯದಲ್ಲಿಯೇ ಶಾಲೆ ಬಿಟ್ಟು ಆರ್ಕಿಮೆದೆ ಸೆಗೂಸೋ ಅವರ ಕಾರ್ಖಾನೆಯನ್ನು ಸೇರಿದರು. 21ರ ಪ್ರಾಯದ ಸುಮಾರಿಗೆ 'ಮಾಎಸ್ತ್ರೋ', ಎಂದರೆ ಕುಲುಮೆಯ ಗುರು, ಎನಿಸಿಕೊಂಡರು.

ಆ ಬಿರುದು ಅಗ್ಗವಾದುದಲ್ಲ. ಕರಗಿದ ಗಾಜು ಕಬ್ಬಿಣದ ಊದುಗೊಳವೆಯ ತುದಿಯಲ್ಲಿ ಜೇನಿನಂತೆ ಜೋಲುತ್ತದೆ. ತಿರುಗಿಸುವ ಕೈ ಕ್ಷಣಕಾಲ ನಿಂತರೂ ಆಕಾರ ಕೆಡುತ್ತದೆ. ಮುರಾನೋದ 'ರೆತಿಚೆಲ್ಲೋ' ಎಂಬ ಬಲೆಗೆಲಸವನ್ನೇ ನೋಡಿ. ಬಿಳಿ ಎಳೆಗಳಿರುವ ಗಾಜಿನ ಗುಳ್ಳೆಯೊಂದನ್ನು ಬಲಕ್ಕೆ ತಿರುಚಿ, ಎಡಕ್ಕೆ ತಿರುಚಿದ ಇನ್ನೊಂದರೊಳಗೆ ಅದನ್ನು ಊದಿ ಕೂಡಿಸಬೇಕು. ಎಳೆಗಳು ಹಾಯುವ ಪ್ರತಿ ಕಣ್ಣಿನಲ್ಲಿಯೂ ಗಾಳಿಯ ಒಂದೊಂದು ಹನಿ ಸಿಕ್ಕಿಬಿದ್ದಿರುತ್ತದೆ. ಪುಸ್ತಕ ಓದಿ ಇದನ್ನು ಕಲಿತವರುಂಟೆ?

ಅಮೆರಿಕದಲ್ಲಿ ಆಗ ಉತ್ಸಾಹವಿತ್ತು, ಪರಂಪರೆಯಿರಲಿಲ್ಲ. 1962ರಲ್ಲಿ ಹಾರ್ವೆ ಲಿಟಲ್‌ಟನ್ ಟೊಲೀಡೋದಲ್ಲಿ ನಡೆಸಿದ ಶಿಬಿರಗಳಿಂದ ಗಾಜು ಕಾರ್ಖಾನೆಯನ್ನು ಬಿಟ್ಟು ಕಲಾವಿದನ ಮನೆಗೆ ಬಂದಿತ್ತು. ಅವರ ಶಿಷ್ಯ ಡೇಲ್ ಚಿಹೂಲಿ 1971ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನ ನಡುವೆ ಪಿಲ್ಚಕ್ ಗಾಜಿನ ಶಾಲೆಯನ್ನು ಸ್ಥಾಪಿಸುವುದರಲ್ಲಿ ಮುಂದಾದರು. ಲೀನೋ 1979ರಲ್ಲಿ ಅಲ್ಲಿಗೆ ಹೋದರು. ಇಂಗ್ಲಿಷ್ ಅಷ್ಟಾಗಿ ಬಾರದು; ಕೈಯೇ ಪಾಠ ಹೇಳಿತು. ಡಾಂಟೆ ಮಾರಿಯೋನಿಯಂಥ ಒಂದು ತಲೆಮಾರು ಆ ಕೈಯನ್ನು ನೋಡಿ ಬೆಳೆಯಿತು.

ಮುರಾನೋದಲ್ಲಿ ಇದನ್ನು ದ್ರೋಹವೆಂದವರುಂಟು. ಅವರ ಮಾತನ್ನು ಹೀನೈಸಲು ನಮಗೆ ಮನಸ್ಸಿಲ್ಲ. ಅನ್ನದ ಭಯ ಸಣ್ಣ ಭಯವಲ್ಲ. ಆದರೆ ಮುಂದೆ ಆ ದ್ವೀಪವನ್ನು ಹಣ್ಣುಮಾಡಿದ್ದು ಪಿಲ್ಚಕ್ಕಿನ ಹುಡುಗರಲ್ಲ. ಮುರಾನೋ ಹೆಸರಿನಲ್ಲಿ ಮಾರಾಟವಾದ ಅಗ್ಗದ ನಕಲು ಸರಕು ಒಂದು ಕಡೆ. 2021-22ರಲ್ಲಿ ಇಂಧನಾನಿಲದ ಬೆಲೆಯೇರಿ ಕುಲುಮೆಗಳು ಆರಿದ್ದು ಇನ್ನೊಂದು ಕಡೆ.

ಕೊಟ್ಟವರು ಬರಿಗೈಯಲ್ಲಿ ಮರಳಲಿಲ್ಲವೆಂಬುದನ್ನು ಟೀಕಾಕಾರರು ಗಮನಿಸಿದಂತಿಲ್ಲ. ಮುರಾನೋದ ಕಾರ್ಖಾನೆಯಲ್ಲಿ ವಿನ್ಯಾಸಕಾರ ಬರೆದ ಚಿತ್ರಕ್ಕೆ ಮಾಎಸ್ತ್ರೋ ರೂಪ ಕೊಡುವನು; ಕನಸು ಒಬ್ಬನದು, ಉಸಿರು ಇನ್ನೊಬ್ಬನದು. ಅಮೆರಿಕದ ಅರೆಬರೆ ಕಸುಬಿನ ತರುಣರು ತಮ್ಮ ಕನಸನ್ನು ತಾವೇ ಊದುತ್ತಿದ್ದರು, ಸೊಟ್ಟಗಾದರೂ ಸರಿಯೆ. ಗುರುಗಳು ಶಿಷ್ಯರಿಂದ ಕಲಿತದ್ದು ಈ ಧೈರ್ಯವನ್ನು. ದಶಕಗಳ ಕಾಲ ಪರರ ಚಿತ್ರಗಳಿಗೆ ಉಸಿರೂದಿದವರು ಐವತ್ತು ದಾಟಿದ ಮೇಲೆ ಕಾರ್ಖಾನೆಯನ್ನು ಬಿಟ್ಟು ಸ್ವತಂತ್ರರಾದರು. ಅವರ 'ಎಂಡೆವರ್' ಎಂಬ ಕೃತಿಯಲ್ಲಿ ನೀಳವಾದ ಗಾಜಿನ ದೋಣಿಗಳು ಸಾಲುಸಾಲಾಗಿ ಗಾಳಿಯಲ್ಲಿ ತೂಗುತ್ತವೆ. ಮೈಮೇಲಿನ ಎಳೆಗಳೆಲ್ಲ ಮುರಾನೋದವು. ದೋಣಿಗಳು ಮಾತ್ರ ಯಾವ ದಡಕ್ಕೂ ಕಟ್ಟಿದವಲ್ಲ.