ಹಳೆಯ ಸಿ.ಡಿ.ಯೂ ವಿದ್ಯಾಲಯದ ಹೊಣೆಯೂ

ವಿದ್ಯಾಲಯಕ್ಕೆ ದಾನವಾಗಿ ಬರುವ ವಸ್ತುಗಳಲ್ಲಿ ಎರಡು ಬಗೆಗಳುಂಟು. ಬೆಂಚು, ಕಪಾಟುಗಳು ಒಮ್ಮೆ ಬಂದರೆ ತಲೆಮಾರುಗಳವರೆಗೆ ಬಾಳುತ್ತವೆ. ಕೈತೋಟವಾದರೋ ನಿತ್ಯವೂ ಪಾಲನೆಯನ್ನು ಬೇಡುತ್ತದೆ. ಗಣಕಯಂತ್ರವು ಈ ಎರಡನೆಯ ಬಗೆಗೆ ಸೇರಿದುದೆಂಬುದನ್ನು ಮರೆಯುವಂತಿಲ್ಲ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ವ್ಯವಸ್ಥೆ. ಅದನ್ನು ಆಧರಿಸಿದ ಉಬುಂಟುವಿನ ಸಿ.ಡಿ.ಗಳನ್ನು 2011ರವರೆಗೆ ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸಲಾಗುತ್ತಿತ್ತು. ಅಂತಹ ಸಿ.ಡಿ. ಶಾಲೆಯ ಕಪಾಟಿನಲ್ಲಿ ಸಿಕ್ಕಾಗ, “ಹಳೆಯದಾದರೇನು, ಕೆಲಸ ನಡೆದರೆ ಸಾಲದೇ?” ಎಂಬ ಮಾತು ಸಹಜವಾಗಿಯೇ ಹುಟ್ಟುತ್ತದೆ.

2008ರ ಏಪ್ರಿಲ್ 24ರಂದು ಹೊರಬಂದ ಉಬುಂಟು 8.04ನ್ನೇ ಉದಾಹರಣೆಯಾಗಿ ನೋಡಬಹುದು. ಹಳೆಯ ಯಂತ್ರದಲ್ಲಿ ಅದು ಇಂದಿಗೂ ಅನುಸ್ಥಾಪನೆಗೊಂಡೀತು. ತೊಡಕು ಕಾಣಿಸುವುದು ಅನಂತರ. ತಂತ್ರಾಂಶಗಳನ್ನು ತರಿಸಲು ಅದು ಹುಡುಕುವ ವಿಳಾಸದಲ್ಲಿ ಅವು ಈಗಿಲ್ಲ. ಹಳೆಯ ಆವೃತ್ತಿಗಳ ಪ್ರತ್ಯೇಕ ಭಂಡಾರಕ್ಕೆ ಸರಿದಿವೆ. ಇಂದಿನ ಜಾಲತಾಣಗಳು ಬಹುಮಟ್ಟಿಗೆ ಅಪೇಕ್ಷಿಸುವ ಟಿ.ಎಲ್.ಎಸ್. 1.2 ಎಂಬ ಸುರಕ್ಷಾ ವಿಧಾನ ಪ್ರಕಟವಾದದ್ದು 2008ರ ಆಗಸ್ಟ್‌ನಲ್ಲಿ. ಆ ಸಿ.ಡಿ.ಯಲ್ಲಿರುವ ಜಾಲದರ್ಶಕಕ್ಕೆ ಅದರ ಅರಿವೇ ಇಲ್ಲವಾದುದರಿಂದ ಅನೇಕ ಪುಟಗಳು ತೆರೆಯುವುದೇ ಇಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಸಿ.ಡಿ. ಬಿಡುಗಡೆಯಾದ ಹತ್ತೊಂಬತ್ತೇ ದಿನಗಳಿಗೆ, ಮೇ 13ರಂದು, ಡೆಬಿಯನ್ ಮತ್ತು ಉಬುಂಟುಗಳಲ್ಲಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು ಊಹಿಸಬಹುದಾದ ಗುಪ್ತಕೀಲಿಗಳನ್ನು ಸೃಷ್ಟಿಸುತ್ತಿತ್ತೆಂಬುದು ಬಹಿರಂಗವಾಯಿತು. ಪರಿಹಾರ ಕೂಡಲೇ ದೊರೆಯಿತು. ಆದರೆ ಅದು ತಲುಪಿದ್ದು ಪರಿಷ್ಕರಣೆಯನ್ನು ಪಡೆದ ಯಂತ್ರಗಳಿಗೆ ಮಾತ್ರ. ಮೊದಲೇ ಅಚ್ಚಾದ ಸಿ.ಡಿ.ಯಲ್ಲಿ ಆ ದೋಷ ಇಂದಿಗೂ ಹಾಗೆಯೇ ಇದೆ. ತಯಾರಕರು ಅಪ್ರಾಮಾಣಿಕರಾಗಿದ್ದರೆಂದಲ್ಲ, ತಂತ್ರಾಂಶದ ಒಳಿತು ಸಿ.ಡಿ.ಗಿಂತ ಹೆಚ್ಚಾಗಿ ಅದರ ಹಿಂದಿರುವ ನಿರಂತರ ದುರಸ್ತಿಯಲ್ಲಿದೆ ಎಂದರ್ಥ.

ಹಾಗೆಂದು ಹಳೆಯ ಸಿ.ಡಿ. ನಿರರ್ಥಕವಲ್ಲ. ಜಾಲಸಂಪರ್ಕವಿಲ್ಲದ ಯಂತ್ರದಲ್ಲಿ ಅದನ್ನು ಹಾಕಿ, ಡಿಸ್ಕಿನ ವಿಭಾಗೀಕರಣ, ಕಡತಗಳ ರಚನೆ, ಆದೇಶಗಳ ಬಳಕೆ ಮುಂತಾದುವನ್ನು ಮಕ್ಕಳಿಗೆ ಚೆನ್ನಾಗಿ ಕಲಿಸಬಹುದು. ಆದರೆ ಅಂಕಪಟ್ಟಿ, ವಿಳಾಸಗಳು, ಶುಲ್ಕದ ಲೆಕ್ಕ ಇರುವ ಯಂತ್ರಕ್ಕೆ ಅದು ಸಲ್ಲದು. ಅಲ್ಲಿಗೆ ಪ್ರಚಲಿತ ಆವೃತ್ತಿಯನ್ನು ಅಧಿಕೃತ ತಾಣದಿಂದಲೇ ಪಡೆದು, ಪ್ರಕಟಿತ ತಾಳೆಸಂಖ್ಯೆಯೊಡನೆ ಹೋಲಿಸಿ, ಪೆನ್‌ಡ್ರೈವ್‌ಗೆ ಬರೆದು ಬಳಸುವುದೇ ಉಚಿತ ಮಾರ್ಗ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ, ಬೇಕಾದುದು ಗಮನ.

ಆದುದರಿಂದ ಅಧ್ಯಾಪಕರು ಪ್ರತಿಯೊಂದು ಯಂತ್ರದ ಆವೃತ್ತಿಯನ್ನೂ, ಅದರ ಬೆಂಬಲ ಮುಗಿಯುವ ದಿನಾಂಕವನ್ನೂ ದಾಸ್ತಾನು ಪುಸ್ತಕದಲ್ಲಿ ನಮೂದಿಸುವ ಪದ್ಧತಿ ಬರಬೇಕು. ದಾನಿಗಳು ಯಂತ್ರದೊಡನೆ ಅದರ ವಾರ್ಷಿಕ ಪಾಲನೆಗೂ ಕಿಂಚಿತ್ ನಿಧಿಯನ್ನು ತೆಗೆದಿರಿಸುವುದು ಶ್ರೇಯಸ್ಕರ. ಈ ವಿದ್ಯೆಯನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆರಡು ದಿನ ಶಾಲೆಗೆ ಬಂದು ಯಂತ್ರಗಳನ್ನು ಪರೀಕ್ಷಿಸಿದರೆ, ಅದು ಹೊಸ ಯಂತ್ರವೊಂದನ್ನು ಕೊಟ್ಟುದಕ್ಕಿಂತ ಕಡಿಮೆಯ ದಾನವೇನೂ ಆಗಲಾರದು.